ಚಾವಡಿ ಕಾಯುವ ಕೆಲಸ

ಒಮಾನಿನ ಲೇಬರ್ ಕಾರ್ಡನ್ನು ನಾನು ಎಷ್ಟು ಸಲ ಹೊಸತು ಮಾಡಿಸಿದೆನೋ ನೆನಪಿಲ್ಲ. ಒಂದರ ಫೋಟೋದಲ್ಲಿ ಮೀಸೆ ಇದೆ, ಮುಂದಿನದರಲ್ಲಿ ಮೀಸೆ ಹೋಗಿ ಗಡ್ಡ ಬಂದಿದೆ, ಆಮೇಲಿನದರಲ್ಲಿ ಆ ಗಡ್ಡವೂ ಹತ್ತಿಯ ಹಾಗೆ ಬೆಳ್ಳಗಾಗಿದೆ. ಮುಖ ಬದಲಾದರೂ ಹೆಸರಿನ ಕೆಳಗಿದ್ದ ಪದ ಮಾತ್ರ ಬಹಳ ಕಾಲ ಬದಲಾಗಲಿಲ್ಲ: ಸ್ಟುವರ್ಡ್.

ಊರಿನಲ್ಲಿ ಈ ಪದ ನನ್ನನ್ನು ಚೆನ್ನಾಗಿ ಸತಾಯಿಸಿದೆ. ಮದುವೆಯ ಮಾತುಕತೆಗೆ ಹೋದಾಗ ಹೆಣ್ಣಿನ ಕಡೆಯ ಹಿರಿಯರೊಬ್ಬರು ಕಣ್ಣರಳಿಸಿ, "ಸ್ಟುವರ್ಡಾ? ವಿಮಾನದಲ್ಲಾ?" ಎಂದು ಕೇಳಿದ್ದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನುವ ಮೊದಲೇ ನಮ್ಮ ಮಾವ ಶರಬತ್ತಿನ ಗ್ಲಾಸು ಮುಂದೆ ಹಿಡಿದರು. ಮದುವೆಯಾಗಿ ವಾರ ಕಳೆದ ಮೇಲೆ ಹೆಂಡತಿ ಕೇಳಿದಳು, "ವಿಮಾನ ಎಲ್ಲಿಂದ ಎಲ್ಲಿಗೆ ಹೋಗ್ತದೆ ನಿಮ್ಮದು?" "ಅಡುಗೆಮನೆಯಿಂದ ಊಟದ ಮೇಜಿಗೆ" ಅಂದೆ. ಅವಳು ಆ ದಿನ ನಕ್ಕದ್ದು ಇವತ್ತಿಗೂ ನಿಂತಿಲ್ಲ.

ಈಗ ಮಸ್ಕತ್ತಿನ ವಾದಿ ಅದಾಯ್‌ನಲ್ಲಿರುವ ಕಂಪೆನಿಯ ಆಫೀಸಿನಲ್ಲಿ ಹೊಸ ಹುಡುಗರನ್ನು ಕೂರಿಸಿ ಪರದೆಯ ಮೇಲೆ ಚಿತ್ರ ತೋರಿಸಿ ಪಾಠ ಮಾಡುತ್ತಾರೆ. ಟ್ರೇ ಹಿಡಿಯುವುದು ಹೇಗೆ, ಕೈ ತೊಳೆಯುವುದು ಹೇಗೆ, ಬೆಂಕಿ ಬಿದ್ದರೆ ಯಾವ ಬಾಗಿಲು. ಎಲ್ಲ ಬೇಕಾದದ್ದೇ. ನಾನು ಬರೆಯಲು ಕೂತದ್ದು ಆ ಪರದೆಯಲ್ಲಿ ಬಾರದ ಸಂಗತಿ. ನನ್ನ ಕನ್ನಡದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಬ್ಯಾರಿ ಮಾತು. ಕನ್ನಡ ಬಂದದ್ದು ಬೀಡಿ ಬ್ರಾಂಚಿನ ಜಗಲಿಯಿಂದ. ಅಲ್ಲಿ ಅದ್ದು ಅಜ್ಜ ಕನ್ನಡಕ ಮೂಗಿನ ತುದಿಗೆ ಇಳಿಸಿ ಪೇಪರ್ ಗಟ್ಟಿಯಾಗಿ ಓದುತ್ತಿದ್ದರು, ಬೀಡಿ ಕೊಡಲು ಬಂದ ಹೆಂಗಸರು ಮಂತ್ರಿಗಳಿಗೆಲ್ಲ ಅಲ್ಲಿಂದಲೇ ಉತ್ತರ ಕೊಡುತ್ತಿದ್ದರು. ಆ ಓದು ಮತ್ತು ಆ ಉತ್ತರ, ಎರಡೂ ಸೇರಿದ್ದು ನನ್ನ ಭಾಷೆ. ಮಾತು ಮಧ್ಯದಲ್ಲಿ ಎಲ್ಲಿಗಾದರೂ ಹೊರಟುಹೋದರೆ ಸ್ವಲ್ಪ ಕಾಯಿರಿ, ವಾಪಸು ಬರುತ್ತದೆ.

ನನ್ನ ಕೆಲಸ ಇದ್ದದ್ದು ಮಸ್ಕತ್ತಿನಲ್ಲಿ ಅಲ್ಲ. ಮಸ್ಕತ್ತಿನಿಂದ ಸಲಾಲಾಕ್ಕೆ ಹೋಗುವ ದಾರಿಯಲ್ಲಿ ಗುಡ್ಡಗಳೆಲ್ಲ ಮುಗಿದು, ನೆಲ ರೊಟ್ಟಿಯ ಹಾಗೆ ಚಪ್ಪಟೆಯಾಗುವ ಜಾಗವಿದೆ. ಅಲ್ಲಿಂದ ಒಳಗೆ ಮಣ್ಣುದಾರಿ ಹಿಡಿದರೆ ನಮ್ಮ ಕ್ಯಾಂಪು. ಎಣ್ಣೆ ಬಾವಿಗಳಲ್ಲಿ ದುಡಿಯುವವರಿಗೆ ಊಟ ಹಾಕುವ ಗುತ್ತಿಗೆ ನಮ್ಮ ಕಂಪೆನಿಯದ್ದು. ಸಾಲಾಗಿ ಡಬ್ಬಿಗಳಂಥ ಕೋಣೆಗಳು, ಮಧ್ಯೆ ಉದ್ದನೆಯ ತಗಡಿನ ಊಟದ ಹಾಲ್. ಹೊರಗೆ ನಿಂತರೆ ನಾಲ್ಕು ದಿಕ್ಕಿಗೂ ಏನೂ ಇಲ್ಲ.

ಕ್ಯಾಂಪ್ ಬಾಸ್ ಆಗಿದ್ದವರು ಶಿರ್ವದ ಕಡೆಯ ಫೆಲಿಕ್ಸಣ್ಣ. ದಪ್ಪ ದೇಹ, ಮೆತ್ತಗಿನ ಹೆಜ್ಜೆ. ಮೊದಲ ದಿನ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದರು:

"ಎಂತ ಕಾಣ್ತದೆ ಮಾರಾಯಾ?"

"ಮೇಜು, ಕುರ್ಚಿ, ಜನ."

"ಜನ ನಿನಗಿಂತ ಮೊದಲೇ ತಟ್ಟೆ ಹುಡುಕ್ತಾರೆ, ಅವರನ್ನು ನೋಡುವುದು ಬೇಡ. ಖಾಲಿ ಕುರ್ಚಿ ನೋಡು."

ನನಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ತಲೆ ಅಲ್ಲಾಡಿಸುವ ಅಭ್ಯಾಸ ಆ ವಯಸ್ಸಿನಲ್ಲಿ ಎಲ್ಲರಿಗೂ ಇರುತ್ತದೆ.

ಮೊದಲ ಎಡವಟ್ಟು ಆ ವಾರವೇ ಆಯಿತು. ಶುಕ್ರವಾರ ಜುಮಾ ನಮಾಜು ಮುಗಿಸಿ ಒಮಾನಿ ಡ್ರೈವರುಗಳು ಒಂದು ಮೇಜಿನಲ್ಲಿ ಕೂತಿದ್ದರು. ಖರ್ಜೂರದ ತಟ್ಟೆ ಇಟ್ಟಾಗಿತ್ತು. ಫೆಲಿಕ್ಸಣ್ಣ ನನ್ನ ಕೈಗೆ ಉದ್ದ ಕೊಕ್ಕಿನ ಕಹ್ವಾ ಪಾತ್ರೆ ಕೊಟ್ಟು ಕಳಿಸಿದರು. ಕಹ್ವಾ ಅಂದರೆ ಏಲಕ್ಕಿ ಹಾಕಿದ ಅವರ ಕಾಫಿ. ಕುಡಿಯುವುದು ಹಿಡಿ ಇಲ್ಲದ, ನಿಂಬೆಹಣ್ಣಿನಷ್ಟು ದೊಡ್ಡ ಬಟ್ಟಲಿನಲ್ಲಿ. ನಮ್ಮೂರಿನಲ್ಲಿ ಬಂದವರಿಗೆ ಲೋಟ ಅರ್ಧ ಮಾಡಿ ಕೊಟ್ಟರೆ ಮೂರು ಮನೆಯಾಚೆ ಸುದ್ದಿಯಾಗುತ್ತದೆ. ನಾನು ಪ್ರೀತಿಯಿಂದ, ಬಟ್ಟಲಿನ ಅಂಚು ಮುಟ್ಟುವ ಹಾಗೆ ತುಂಬಿಸಿ, ನೀರಿನ ಟ್ಯಾಂಕರ್ ಓಡಿಸುವ ಸಾಲಿಂ ಎಂಬವನ ಮುಂದೆ ಹಿಡಿದೆ.

ಸಾಲಿಂ ಬಟ್ಟಲನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಹಿಂದಿ ಬರುತ್ತಿತ್ತು, ಅರ್ಧ ಹಿಂದಿ ಅರ್ಧ ಅರಬ್ಬಿಯಲ್ಲಿ ಹೇಳಿದ:

"ಸದೀಕ್, ಈಗಷ್ಟೇ ಬಂದು ಕೂತೆ. ಆಗಲೇ ಎದ್ದು ಹೋಗು ಅಂತೀಯಲ್ಲ!"

ಮೇಜಿಗೆ ಮೇಜೇ ನಕ್ಕಿತು. ನನ್ನ ಮುಖ ಬೆಂದುಹೋಯಿತು. ಆಮೇಲೆ ಅವನೇ ಪಕ್ಕಕ್ಕೆ ಕರೆದು ಹೇಳಿಕೊಟ್ಟ. ಇಲ್ಲಿ ಬಟ್ಟಲು ತುಂಬಿಸಿದರೆ, ಕುಡಿ ಮತ್ತೆ ಹೊರಡು ಅಂತ ಅರ್ಥ. ಕಾಲುಭಾಗ ಮಾತ್ರ ಹೊಯ್ಯಬೇಕು. ಅದು ಮುಗಿದರೆ ಮತ್ತೆ ಕಾಲು. ಅತಿಥಿ ಸಾಕೆಂದು ಬಟ್ಟಲನ್ನು ಆಚೀಚೆ ಅಲ್ಲಾಡಿಸುವವರೆಗೆ ಹೊಯ್ಯುತ್ತಲೇ ಇರಬೇಕು. "ಶುವಯ್ಯ ಶುವಯ್ಯ, ಸ್ವಲ್ಪ ಸ್ವಲ್ಪ. ಯಾಕೆ ಗೊತ್ತಾ? ಆಗ ಹೊಯ್ಯುವವನು ಹತ್ತಿರವೇ ನಿಂತಿರ್ತಾನೆ. ಪೂರ್ತಿ ತುಂಬಿಸಿದವನು ಬೇರೆ ಕಡೆ ಹೋಗಿಬಿಡ್ತಾನೆ."

ಅಲ್ಲಿಂದ ಸಾಲಿಂ ನನಗೆ ನಿಜಕ್ಕೂ ಸದೀಕ್, ಗೆಳೆಯ. ರಜೆಯಲ್ಲಿ ಊರಿಗೆ ಹೋದಾಗ ಮಂಗಳೂರಿನ ಬಂದರಿನ ಅಂಗಡಿಯಿಂದ ಒಂದು ಸ್ಟೀಲ್ ಲೋಟ ತಂದುಕೊಟ್ಟೆ. ಅದು ಅವನ ಲೋಟವಾಯಿತು.

ಲೋಟದ ವಿಷಯ ಹೇಳಬೇಕು. ನಮ್ಮ ಊಟದ ಹಾಲಿನಲ್ಲಿ ಅಡುಗೆಮನೆಯ ಕಿಟಕಿಯ ಪಕ್ಕ ಒಂದು ಮರದ ಹಲಗೆ ಇತ್ತು. ಕ್ಯಾಂಪಿನವರೆಲ್ಲ ತಮ್ಮ ಚಹಾಕ್ಕೆ ತಮ್ಮದೇ ಕಪ್ಪೋ ಲೋಟವೋ ತಂದಿಟ್ಟುಕೊಂಡಿದ್ದರು. ಕೇರಳದವನ ಮಗ್ಗಿನಲ್ಲಿ ಫುಟ್‌ಬಾಲ್, ಫಿಲಿಪೈನ್ಸಿನವನದ್ದರಲ್ಲಿ ಮಗಳ ಫೋಟೋ, ಫೆಲಿಕ್ಸಣ್ಣನದ್ದಕ್ಕೆ ಹಿಡಿ ಮುರಿದು ತಂತಿ ಸುತ್ತಿದ್ದು. ನನ್ನದು ನೀಲಿ ಅಂಚಿನ ಬಿಳಿ ಎನಾಮಲ್ ಮಗ್ಗು. ಪ್ರತಿ ಊಟದ ಮೊದಲು ಎಲ್ಲವನ್ನೂ ತೊಳೆದು ಹಲಗೆಯ ಮೇಲೆ ಕವುಚಿ ಹಾಕುವುದು ಸ್ಟುವರ್ಡ್‌ಗಳ ಕೆಲಸ. ಬಂದವರು ತಮ್ಮದನ್ನು ಇಳಿಸಿಕೊಂಡು ಕೂರುತ್ತಾರೆ. ಊಟದ ಹೊತ್ತು ಮೀರಿದರೂ ಕವುಚಿಕೊಂಡೇ ಉಳಿದ ಲೋಟ ಯಾರದ್ದೋ, ಅವರು ಇನ್ನೂ ಬಂದಿಲ್ಲ ಎಂದರ್ಥ. ಅವರಿಗೆ ಊಟ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ, ಅದರ ಮೇಲೆ ಅವರ ಲೋಟವನ್ನು ಕವುಚಿ ಇಡಬೇಕು. ಕೊನೆಯ ಲೋಟ ಇಳಿಯುವವರೆಗೆ ಕ್ಯಾಂಪ್ ಬಾಸ್ ಆಗಲಿ ಹೆಡ್ ಸ್ಟುವರ್ಡ್ ಆಗಲಿ ಊಟ ಮಾಡುವಂತಿಲ್ಲ. ಇದು ಕಂಪೆನಿಯ ನಿಯಮವಲ್ಲ. ಫೆಲಿಕ್ಸಣ್ಣನ ನಿಯಮ.

ಒಮ್ಮೆ ಮಧ್ಯಾಹ್ನ ಆಂಧ್ರದ ವೆಲ್ಡರ್ ನಾಗೇಶನ ಲೋಟ ಉಳಿಯಿತು. ಅವನಿಗೆ ಆ ದಿನ ರಜೆ, ನಿದ್ದೆ ಹೋಗಿರಬೇಕು ಎಂದೆ ನಾನು. ಫೆಲಿಕ್ಸಣ್ಣ ಮುಚ್ಚಿದ ತಟ್ಟೆ ಎತ್ತಿಕೊಂಡು ಅವನ ಕೋಣೆಗೆ ನಡೆದರು, ನಾನು ಹಿಂದೆ. ನಾಗೇಶ ಗೋಡೆಯ ಕಡೆ ತಿರುಗಿ ಮಲಗಿದ್ದ. ಬೆಳಿಗ್ಗೆ ಊರಿನಿಂದ ಫೋನು ಬಂದಿತ್ತು, ತಾಯಿ ತೀರಿಹೋಗಿದ್ದರು. ಯಾರಿಗೂ ಹೇಳಿರಲಿಲ್ಲ. ಫೆಲಿಕ್ಸಣ್ಣ ಊಟ ಮಾಡು ಅನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಮಂಚದ ಅಂಚಿನಲ್ಲಿ ಕೂತರು. ಬಹಳ ಹೊತ್ತಿನ ಮೇಲೆ ನಾಗೇಶ ಈ ಕಡೆ ತಿರುಗಿ, "ನೀವು ಊಟ ಮಾಡಿದಿರಾ ಅಣ್ಣಾ?" ಎಂದು ಕೇಳಿದ. "ಇಲ್ಲ. ನಿನ್ನದು ಆಗದೆ ನನ್ನದು ಹೇಗೆ ಆಗ್ತದೆ?" ಅಂದರು. ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದರು. ಖಾಲಿ ಕುರ್ಚಿ ನೋಡು ಅಂದದ್ದು ಏನೆಂದು ನನಗೆ ಆ ಕೋಣೆಯ ಬಾಗಿಲಲ್ಲಿ ನಿಂತಾಗ ತಿಳಿಯಿತು.

ಇನ್ನು ಆ ಪದದ ಕಥೆ. ಅದು ಶುರುವಾದದ್ದು ಒಂದು ಅವಮಾನದಿಂದ. ಹೊಸದಾಗಿ ಬಂದಿದ್ದ ಒಬ್ಬ ಎಂಜಿನಿಯರ್, ಕೆಟ್ಟವನಲ್ಲ, ತಮಾಷೆ ಮಾಡದಿದ್ದರೆ ಅನ್ನ ಇಳಿಯದ ಜಾತಿ, ಜನ ತುಂಬಿದ ಹಾಲಿನಲ್ಲಿ ಕೇಳಿದ: "ಹಮೀದ್, ಸ್ಟುವರ್ಡ್ ಅಂದ್ರೆ ಏನು ಗೊತ್ತುಂಟಾ? ಹಳೇ ಇಂಗ್ಲಿಷಿನಲ್ಲಿ ಹಂದಿಗೂಡು ಕಾಯುವವ ಅಂತ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನೋಡಿ, ನಮಗೆ ಆ ಪ್ರಾಣಿಯ ಹೆಸರೇ ಆಗದು. ಅದರ ಗೂಡು ಕಾಯುವ ಹೆಸರನ್ನು ಜೇಬಿನಲ್ಲಿಟ್ಟುಕೊಂಡು ಇಷ್ಟು ವರ್ಷ ನಮಾಜು ಮಾಡಿದೆನಲ್ಲ ಅನ್ನಿಸಿತು. ಆ ಮಧ್ಯಾಹ್ನ ನನ್ನ ಲೋಟ ಹಲಗೆಯಿಂದ ಇಳಿಯಲಿಲ್ಲ.

ಅದನ್ನು ಗಮನಿಸಿದವರು ಆರ್ಥರ್ ಸಾಹೇಬರು. ಎಣ್ಣೆ ಕಂಪೆನಿಯಲ್ಲಿ ಪಂಪುಗಳ ಉಸ್ತುವಾರಿ ನೋಡುತ್ತಿದ್ದ ಇಂಗ್ಲೆಂಡಿನ ಮುದುಕ. ಅವರ ತಂದೆ ಶಾಲಾ ಮೇಷ್ಟ್ರು, ಮನೆಯಲ್ಲಿ ಊಟದ ಹೊತ್ತಿಗೆ ಪದಗಳ ಪಂಚಾತಿಕೆ ನಡೆಯುತ್ತಿತ್ತಂತೆ. ಸಂಜೆ ಚಹಾದ ಹೊತ್ತಿಗೆ ನನ್ನನ್ನು ಕರೆದು ಎದುರಿನ ಕುರ್ಚಿ ತೋರಿಸಿದರು. ಸಾಹೇಬರ ಎದುರು ಕೂರುವುದು ನಮ್ಮ ಪದ್ಧತಿಯಲ್ಲ. "ಕೂತುಕೋ, ಇದು ನಿನ್ನ ಹಾಲ್" ಅಂದರು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹಂದಿಗೂಡಿನ ಕಥೆ ಯಾರೋ ತಮಾಷೆಗೆ ಕಟ್ಟಿದ್ದು, ಅದಕ್ಕೆ ಆಧಾರವಿಲ್ಲ. ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷಿನಲ್ಲಿ 'ಸ್ಟಿಗ್' ಅಂದರೆ ಮನೆ, ಮನೆಯ ದೊಡ್ಡ ಹಾಲ್. 'ವೆಆರ್ಡ್' ಅಂದರೆ ಕಾಯುವವನು. ಎರಡೂ ಸೇರಿ ಸವೆದು ಸವೆದು ಸ್ಟುವರ್ಡ್ ಆಯಿತು. ಅವರು ಉಪ್ಪಿನ ಡಬ್ಬಿ, ಚಮಚ, ಬ್ರೆಡ್ಡಿನ ತುಂಡು ಜೋಡಿಸಿ ಮೇಜಿನ ಮೇಲೆ ಒಂದು ಹಾಲ್ ಕಟ್ಟಿ ತೋರಿಸಿದರು. ಮಧ್ಯೆ ಬೆಂಕಿ. ಒಂದು ತುದಿಯಲ್ಲಿ ಧಣಿಯ ಎತ್ತರದ ಮೇಜು. ಉದ್ದಕ್ಕೂ ಬೆಂಚುಗಳು. ಆಳುಕಾಳು, ಸೈನಿಕರು, ದಾರಿಹೋಕರು ಎಲ್ಲರೂ ಅಲ್ಲೇ ಉಣ್ಣುವುದು, ಅಲ್ಲೇ ಮಲಗುವುದು. ಯಾರು ಎಲ್ಲಿ ಕೂರಬೇಕು, ಯಾರಿಗೆ ಬಡಿಸಿಲ್ಲ, ಯಾರು ಇನ್ನೂ ಬಂದಿಲ್ಲ ಎಂದು ನೋಡುವವನು ಸ್ಟುವರ್ಡ್.

"ನಮ್ಮ ಕಡೆ ಅದಕ್ಕೆ ಚಾವಡಿ ಅಂತಾರೆ ಸಾಹೇಬರೇ" ಅಂದೆ. ಅವರು ಎರಡು ಸಲ ಹೇಳಿ ನಾಲಿಗೆಗೆ ಕೂರಿಸಿಕೊಂಡರು. "ಚಾವ್ಡಿ. ಹಾಗಾದರೆ ನೀನು ಚಾವಡಿ ಕಾಯುವವನು."

ಆಮೇಲೆ ಆ ಕೆಲಸ ಮೇಲೆ ಏರಿತಂತೆ. ಧಣಿ ಯುದ್ಧಕ್ಕೆ ಹೋದರೆ ಭೂಮಿ, ನ್ಯಾಯ, ಕೀಲಿಕೈ ಎಲ್ಲ ಸ್ಟುವರ್ಡನ ಕೈಯಲ್ಲಿ. ಅರಮನೆಯಲ್ಲಿ ಅವನು ಬಿಳಿ ಕೋಲು ಹಿಡಿದು ನಿಲ್ಲುತ್ತಿದ್ದ. ರಾಜ ಸತ್ತರೆ ಆ ಕೋಲನ್ನು ಮುರಿಯುತ್ತಿದ್ದ, ನನ್ನ ಕಾವಲು ಮುಗಿಯಿತು ಎಂದು. ಸ್ಕಾಟ್ಲೆಂಡಿನಲ್ಲಿ ಆ ಹುದ್ದೆ ಹಿಡಿದಿದ್ದ ಮನೆತನ ಹುದ್ದೆಯನ್ನೇ ಹೆಸರು ಮಾಡಿಕೊಂಡು ಕೊನೆಗೆ ಸಿಂಹಾಸನವನ್ನೂ ಏರಿತು. ಅಲ್ಲಿಂದ ಪದ ನಿಧಾನವಾಗಿ ಕೆಳಗಿಳಿಯಿತು: ಹಡಗಿಗೆ ಬಂತು, ರೈಲಿಗೆ ಬಂತು, ವಿಮಾನ ಹತ್ತಿತು, ಮರಳುಗಾಡಿನಲ್ಲಿ ನನ್ನ ಕಾರ್ಡಿನಲ್ಲಿ ಬಂದು ಕೂತಿತು. ಇನ್ನೊಂದು ಹೇಳಿದರು. ಧಣಿಗೆ ಅವರು ಹೇಳುವ ಲಾರ್ಡ್ ಎಂಬ ಪದವೂ ಮೂಲದಲ್ಲಿ ರೊಟ್ಟಿ ಕಾಯುವವನು ಅಂತಲೇ. "ಒಬ್ಬ ರೊಟ್ಟಿ ಕಾಯ್ತಾನೆ, ಒಬ್ಬ ರೊಟ್ಟಿ ತಿನ್ನುವ ಜಾಗ ಕಾಯ್ತಾನೆ. ಯಾರು ದೊಡ್ಡವರು ಅಂತ ನನ್ನ ಅಪ್ಪ ಕೇಳುತ್ತಿದ್ದರು" ಎಂದು ನಕ್ಕರು.

ನನಗೆ ಥಟ್ಟನೆ ನೆನಪಾದದ್ದು ನಮ್ಮ ಮದುವೆ ಮನೆಗಳ ಭಂಡಾರಿ. ಹಿಂದೆ ಭಂಡಾರಿ ಅಂದರೆ ರಾಜರ ಬೊಕ್ಕಸ ಕಾಯುವವನೆಂದು ಅದ್ದು ಅಜ್ಜ ಹೇಳುತ್ತಿದ್ದರು. ನಮ್ಮಲ್ಲಿ ಬಿರಿಯಾನಿಯ ಹಂಡೆಯಂಥ ದೊಡ್ಡ ಚೆಂಬಿನ ಎದುರು ಬೆವರುತ್ತ ನಿಲ್ಲುವವನು ಭಂಡಾರಿ. ನನ್ನ ದೊಡ್ಡಪ್ಪನೇ ಒಬ್ಬ ಭಂಡಾರಿ. ಪದಗಳೂ ನಮ್ಮ ಹಾಗೆ ದೊಡ್ಡ ಮನೆ ಬಿಟ್ಟು ಕೆಲಸ ಸಿಕ್ಕಿದಲ್ಲಿಗೆ ಹೋಗುತ್ತವೆ ಅನ್ನಿಸಿತು. ಆ ಸಂಜೆ ನನ್ನ ಮಗ್ಗು ಇಳಿಸಿ ಚಹಾ ಕುಡಿದೆ. ಎಂಜಿನಿಯರಿಗೆ ಸಾಹೇಬರು ಏನು ಹೇಳಿದರೋ ಗೊತ್ತಿಲ್ಲ. ಮಾರನೇ ದಿನ ಅವನು ಬಂದು, "ಚಾವಡಿ ಧಣಿಗಳೇ, ಒಂದು ಆಮ್ಲೆಟ್ ಸಿಗಬಹುದಾ?" ಎಂದ. ಎರಡು ಮೊಟ್ಟೆಯದ್ದು ಹಾಕಿಸಿ ಕೊಟ್ಟೆ.

ವರ್ಷಗಳು ಹೋದವು. ಆರ್ಥರ್ ಸಾಹೇಬರು ಊರಿಗೆ ಹೋದರು. ಫೆಲಿಕ್ಸಣ್ಣನೂ ಹೋದರು, ಹೋಗುವ ದಿನ ತಂತಿ ಸುತ್ತಿದ ತಮ್ಮ ಕಪ್ಪನ್ನು ತಾವೇ ಹಲಗೆಯಿಂದ ಇಳಿಸಿ, ಒರೆಸಿ, ಚೀಲಕ್ಕೆ ಹಾಕಿಕೊಂಡು, "ಇನ್ನು ನೀನು ಕೊನೆಗೆ ಉಣ್ಣು" ಅಂದರು. ಹೆಡ್ ಸ್ಟುವರ್ಡ್ ನಾನಾದೆ.

ಆಮೇಲೆ ಬಂದ ಮೇಲಧಿಕಾರಿಗಳಲ್ಲಿ ಕೊನೆಯವನು ಪ್ರಶಾಂತ. ಕಾರ್ಕಳದ ಹುಡುಗ, ತುಳು ಮನೆಮಾತು, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು, ನನ್ನ ಮಗಳಿಗಿಂತ ಚಿಕ್ಕವನು. ಹಿರಿಯರಿಗೆ ನಮ್ಮವರು ಅನ್ನುವ ಹಾಗೆ ಅವನು ನನ್ನನ್ನು ಹಮೀದಾಕ ಎಂದು ಕರೆದರೆ, ನಾನು ಅವನನ್ನು ಮೋನೇ, ಅಂದರೆ ಮಗನೇ, ಅನ್ನುತ್ತಿದ್ದೆ. ಬಂದವನೇ ಮುಚ್ಚಿದ ತಟ್ಟೆಗಳನ್ನು ನಿಲ್ಲಿಸಿದ.

"ಹಮೀದಾಕ, ಬೇಜಾರು ಮಾಡ್ಬೇಡಿ. ಬೇಯಿಸಿದ್ದು ಹಾಗೆ ಹೊರಗೆ ಇಟ್ಟರೆ ಕೆಡ್ತದೆ. ಯಾರಿಗಾದ್ರೂ ಹೊಟ್ಟೆ ಕೆಟ್ಟರೆ ಯಾರು ಹೊಣೆ?"

ಅವನು ಹೇಳಿದ್ದು ಸರಿ. ಒಂದೆರಡು ಸಲ ಹೊಟ್ಟೆ ಕೆಟ್ಟದ್ದೂ ನನಗೆ ಗೊತ್ತು. ತಡವಾಗುವವರಿಗೆ ಬೆಳಿಗ್ಗೆಯೇ ಮುಚ್ಚಳದ ಡಬ್ಬಿಯಲ್ಲಿ ತಣ್ಣನೆಯ ಊಟ ಕೊಡುವ ಕ್ರಮ ಬಂತು. ಅದನ್ನು ಒಯ್ಯುವವರು ತಮ್ಮ ಲೋಟವನ್ನೂ ಜೊತೆಗೆ ಒಯ್ಯುತ್ತಿದ್ದರು. ಬಾಗಿಲಲ್ಲಿ ಹೆಬ್ಬೆರಳಿನ ಯಂತ್ರ ಬಂತು. ಊಟಕ್ಕೋ ಡಬ್ಬಿಗೋ ಒತ್ತಿದರೆ ಊಟ ಆಯಿತೆಂದು ಹಸಿರು ದೀಪ. ನಮ್ಮ ಹೆಸರೂ ಬದಲಾಯಿತು. ಹೊಸ ಕಾರ್ಡಿನಲ್ಲಿ ಸ್ಟುವರ್ಡ್ ಹೋಗಿ 'ಫುಡ್ ಸರ್ವಿಸ್ ಅಸೋಸಿಯೇಟ್' ಆಯಿತು. ಓದುವಾಗ ಮಧ್ಯದಲ್ಲಿ ಒಮ್ಮೆ ಉಸಿರು ತೆಗೆದುಕೊಳ್ಳಬೇಕು.

ಉಳಿದದ್ದು ಲೋಟಗಳ ಹಲಗೆ. ಅದೂ ಹೋಗಬೇಕಿತ್ತು. ತಪಾಸಣೆಗೆ ಬಂದವರು, ಊಟದ ಹಾಲಿನಲ್ಲಿ ಸ್ವಂತ ಪಾತ್ರೆ ಇರಬಾರದು, ಕಾಗದದ ಕಪ್ಪು ಸಾಕು ಎಂದು ಹೇಳಿ ಹೋಗಿದ್ದರು. ಪ್ರಶಾಂತ ನನ್ನ ಹತ್ತಿರ ಬಂದು ತಲೆ ಕೆರೆದುಕೊಂಡ.

"ನೀವು ರಿಟೈರ್ ಆಗಲಿಕ್ಕೆ ಸ್ವಲ್ಪವೇ ಸಮಯ ಅಲ್ವಾ ಹಮೀದಾಕ. ಅಲ್ಲಿವರೆಗೆ ಇರ್ಲಿ, ನಾನು ಏನಾದ್ರೂ ಹೇಳಿಕೊಳ್ತೇನೆ. ಆಮೇಲೆ ತೆಗೆಯುವ."

"ತೆಗೆದರೆ ಬಾರದವರು ಯಾರಂತ ಹೇಗೆ ಗೊತ್ತಾಗ್ತದೆ ಮೋನೇ?"

"ಮೆಷಿನ್ ಉಂಟಲ್ಲ."

ಆ ದಿನದಿಂದ ಹಲಗೆಯನ್ನು ನೋಡಿದಾಗೆಲ್ಲ ಇದೇ ಲೆಕ್ಕ ಹಾಕುತ್ತಿದ್ದೆ. ನಾನು ಹೋಗುವುದು ಒಂದು ಮಾತು. ನನ್ನ ಹಿಂದೆಯೇ ಕಾವಲೂ ಹೋಗುವುದು ಇನ್ನೊಂದು. ಫೆಲಿಕ್ಸಣ್ಣ ನನಗೆ ಕೊಟ್ಟದ್ದನ್ನು ನಾನು ಯಾರಿಗೂ ಕೊಡದೆ ಹೊರಡುವುದಾಯಿತಲ್ಲ ಎಂಬುದೇ ಯೋಚನೆ.

ಅದೇ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ. ಹೊರಗೆ ಬಿಸಿಲು ಕಣ್ಣು ಬಿಡಲು ಬಿಡುತ್ತಿರಲಿಲ್ಲ. ಊಟ ಮುಗಿಯುತ್ತ ಬಂದಿತ್ತು. ಮಸ್ಕತ್ತಿನಿಂದ ಯಾರೋ ದೊಡ್ಡವರು ಬಂದಿದ್ದರಿಂದ ನಾನು ಒಳಕೋಣೆಯಲ್ಲಿ ಅವರಿಗೆ ಬಡಿಸುತ್ತಿದ್ದೆ, ಹಾಲಿನ ಕಡೆ ತಲೆ ಹಾಕಿರಲಿಲ್ಲ. ಪ್ರಶಾಂತ ಬಾಗಿಲಲ್ಲಿ ನಿಂತು ಸನ್ನೆ ಮಾಡಿದ. ಹೊರಗೆ ಬಂದೆ.

"ಹಮೀದಾಕ, ಮೆಷಿನ್‌ನಲ್ಲಿ ಎಲ್ಲರದ್ದೂ ಊಟ ಆಗಿದೆ ಅಂತ ತೋರಿಸ್ತದೆ. ಆದ್ರೆ ಆ ಸ್ಟೀಲ್ ಲೋಟ ಕವುಚಿಯೇ ಉಂಟು. ಅದು ಯಾರದ್ದು?"

ನಾನು ಹಲಗೆ ನೋಡಿದೆ. "ಸಾಲಿಂದು."

"ಅವನು ಬೆಳಿಗ್ಗೆ ಡಬ್ಬಿ ತಗೊಂಡಿದ್ದಾನೆ. ಹಸಿರು ಬಂದಿದೆ."

"ಡಬ್ಬಿ ಅವನು ತಿನ್ನುವುದಿಲ್ಲ, ಪಂಪಿನ ಹತ್ತಿರದ ಬೆಕ್ಕುಗಳಿಗೆ ಹಾಕ್ತಾನೆ. ಎಷ್ಟು ತಡವಾದರೂ ಇಲ್ಲಿಗೆ ಬಂದೇ ಉಣ್ಣುವುದು."

ಪ್ರಶಾಂತ ಸಾಗಾಟದವರಿಗೆ ಫೋನು ಮಾಡಿದ. ಟ್ಯಾಂಕರ್ ನೀರಿನ ಬಾವಿಯ ಹತ್ತಿರವೇ ನಿಂತಿದೆ, ಪರದೆಯಲ್ಲಿ ಕಾಣುತ್ತಿದೆ, ನೀರು ತುಂಬಿಸುತ್ತಿರಬೇಕು ಎಂದರು. ಸಾಲಿಂಗೆ ಫೋನು ಹೋಗಲಿಲ್ಲ. ಅಲ್ಲಿ ಸಿಗ್ನಲ್ ಸಿಗುವುದು ಅಪರೂಪ, ಅದರಲ್ಲಿ ವಿಶೇಷವಿಲ್ಲ. ಪ್ರಶಾಂತ ಒಂದು ಕ್ಷಣ ನಿಂತ. ಒಳಗೆ ದೊಡ್ಡವರು ಊಟಕ್ಕೆ ಕೂತಿದ್ದಾರೆ. ಯಂತ್ರ ಹಸಿರು ಅನ್ನುತ್ತಿದೆ, ಪರದೆ ಸರಿ ಅನ್ನುತ್ತಿದೆ. ಎದುರಿಗೆ ಇರುವುದು ಒಂದು ಲೋಟ.

"ಯಲ್ಲಾ, ಬನ್ನಿ" ಎಂದು ಗಾಡಿಯ ಕೀಲಿ ತೆಗೆದುಕೊಂಡ. ಆ ಬಾವಿಯ ಉಪ್ಪುನೀರು ಕುಡಿಯಲು ಬಾರದು, ನಾನು ಕುಡಿಯುವ ನೀರು, ಖರ್ಜೂರ, ಐಸ್ ಪೆಟ್ಟಿಗೆ ಎತ್ತಿಕೊಂಡೆ. ಕ್ಯಾಂಪಿನ ನರ್ಸ್ ಹಿಂದಿನ ಸೀಟಿಗೆ ಹತ್ತಿದ.

ಟ್ಯಾಂಕರ್ ದೂರದಿಂದಲೇ ಕಂಡಿತು, ಒಂದು ಕಡೆ ವಾಲಿತ್ತು. ಹಿಂದಿನ ಟೈರು ಒಡೆದಿತ್ತು. ಜ್ಯಾಕ್ ಅರ್ಧ ಏರಿಸಿ ಬಿಟ್ಟಂತಿತ್ತು. ಸಾಲಿಂ ಮುಂದಿನ ಚಕ್ರಕ್ಕೆ ಒರಗಿ, ಗೇಣಗಲದ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದ. ತಲೆಯ ರುಮಾಲು ಜಾರಿತ್ತು. ಮೈ ಬೆಂಕಿ, ಬೆವರೇ ಇಲ್ಲ. ಹತ್ತಿರ ಒಂದು ಬೆಕ್ಕು ಕೂತಿತ್ತು, ಪಕ್ಕದಲ್ಲಿ ಖಾಲಿ ಡಬ್ಬಿ.

"ಸಾಲಿಂ! ಏ ಸಾಲಿಂ!"

ಕಣ್ಣು ತೆರೆದ. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಒಣಗಿದ ತುಟಿಯಲ್ಲೇ ಕೇಳಿದ:

"ಹಮೀದ್... ಲಂಚ್ ಖಲಾಸ್?"

"ಇಲ್ಲ. ನಿನ್ನ ಲೋಟ ಅಲ್ಲೇ ಇದೆ."

ನರ್ಸ್ ಬಟ್ಟೆ ಸಡಿಲಿಸಿ ಐಸ್ ನೀರಿನಲ್ಲಿ ಮೈ ಒರೆಸಿದ. ನಾನು ಬಾಟಲಿಯ ಮುಚ್ಚಳದಲ್ಲಿ ಸ್ವಲ್ಪ ಸ್ವಲ್ಪ ನೀರು ಕುಡಿಸಿದೆ. ಶುವಯ್ಯ ಶುವಯ್ಯ. ಪ್ರಶಾಂತ ತನ್ನ ಬಿಳಿ ಅಂಗಿ ಬಿಚ್ಚಿ ಅವನ ತಲೆಯ ಮೇಲೆ ನೆರಳು ಹಿಡಿದು ನಿಂತಿದ್ದ. ನಮ್ಮ ಗಾಡಿಯ ರೇಡಿಯೋದಲ್ಲಿ ಕರೆಸಿದ ಆಸ್ಪತ್ರೆಯ ಗಾಡಿ ಬಂದು, ಸಾಲಿಂ ಅದರಲ್ಲಿ ಹೋದ ಮೇಲೂ ನಾವಿಬ್ಬರೂ ಆ ನೆರಳಿನಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆವು.

"ನೀನು ಹೇಗೆ ನೋಡಿದೆ ಮೋನೇ?" ಎಂದೆ.

"ನೀವು ದಿನಾ ನೋಡ್ತೀರಲ್ಲ. ನಿಮ್ಮನ್ನು ನೋಡಿ ನೋಡಿ ನನ್ನ ಕಣ್ಣೂ ಅಲ್ಲಿಗೆ ಹೋಗ್ತದೆ. ಹಾಳು ಅಭ್ಯಾಸ" ಎಂದು ಮುಖ ಆಚೆ ತಿರುಗಿಸಿದ.

ಕ್ಯಾಂಪಿಗೆ ವಾಪಸಾದಾಗ ಸಂಜೆ ಇಳಿಯುತ್ತಿತ್ತು. ಅಡುಗೆಮನೆಯಲ್ಲಿ ನನಗೆ ಅನ್ನ ಹಾಕಿದರು. ಪ್ರಶಾಂತ ತಾನೂ ಒಂದು ತಟ್ಟೆ ತಂದು ಎದುರು ಕೂತ. ಅವನೂ ಮಧ್ಯಾಹ್ನದಿಂದ ಉಂಡಿರಲಿಲ್ಲ.

ಸಾಲಿಂ ಉಳಿದ. ಚೇತರಿಸಿಕೊಂಡ ಮೇಲೆ ಅವನಿಗೆ ಟ್ಯಾಂಕರ್ ಕೊಡಲಿಲ್ಲ, ಕ್ಯಾಂಪಿನ ಗೇಟಿನಲ್ಲಿ ಹಗುರದ ಕೆಲಸ ಕೊಟ್ಟರು. ನನ್ನ ದಿನವೂ ಬಂತು. ಹಾರ ಹಾಕಿದರು, ಕೇಕ್ ಕತ್ತರಿಸಿದರು, ಹೋಗುವವರಿಗೆಲ್ಲ ಮಾಡುವ ಹಾಗೆ. ಹಲಗೆಯ ವಿಷಯ ಪ್ರಶಾಂತ ಎತ್ತಲಿಲ್ಲ. ತಪಾಸಣೆಯವರು ಮತ್ತೆ ಬಂದು ಹೋಗಿದ್ದರು, ಅವರು ಏನು ಹೇಳಿದರೆಂದು ನಾನೂ ಕೇಳಲಿಲ್ಲ. ಕೇಳಿ ಇಲ್ಲ ಅನ್ನಿಸಿಕೊಂಡು ಹೋಗುವುದಕ್ಕಿಂತ ಕೇಳದೆ ಹೋಗುವುದು ಹಗುರ ಅನ್ನಿಸಿತು. ಸಾಮಾನು ಕಟ್ಟಿ ಹೊರಡುವಾಗ ಹಲಗೆಯ ಎದುರು ನಿಂತೆ. ಫೆಲಿಕ್ಸಣ್ಣ ಮಾಡಿದ ಹಾಗೆ ನನ್ನ ಮಗ್ಗನ್ನು ಇಳಿಸಿ ಒರೆಸಿ ಚೀಲಕ್ಕೆ ಹಾಕಬೇಕಿತ್ತು. ಕೈ ಎತ್ತಿದೆ, ಆಗಲಿಲ್ಲ. ಅವರು ತೆಗೆಯುವಾಗ ಎಲ್ಲದರ ಜೊತೆ ಅದೂ ಹೋಗಲಿ ಎಂದುಕೊಂಡು ಬಸ್ಸು ಹತ್ತಿದೆ.

ಊರಿನಲ್ಲಿ ಒಂದು ವರ್ಷ ಕಳೆಯಿತು. ನನ್ನ ಮಗಳು ಮಸ್ಕತ್ತಿನ ಪಕ್ಕದ ಸೀಬ್‌ನಲ್ಲಿದ್ದಾಳೆ, ಅಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಟೀಚರ್. ವಿಸಿಟ್ ವೀಸಾ ಮಾಡಿಸಿ ನಮ್ಮಿಬ್ಬರನ್ನೂ ಕರೆಸಿಕೊಂಡಳು. ಸಲಾಲಾದಲ್ಲಿ ತುಂತುರು ಮಳೆ ಶುರುವಾಗಿತ್ತು. ಮಸ್ಕತ್ತಿನ ಜನರೆಲ್ಲ ಆ ಕಡೆ ಗಾಡಿ ತಿರುಗಿಸುವ ಕಾಲ. ನಾವೂ ಹೊರಟೆವು. ಅಳಿಯ ಗಾಡಿ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಹಿಬಾ. ನಾನು ಬ್ಯಾರಿಯಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲಿ. ದಾರಿಯ ಬೇಸರಕ್ಕೆ ಕೇಳಿದಳು, "ಅಜ್ಜಾ, ಸ್ಟುವರ್ಡ್ ಮೀನ್ಸ್ ವಾಟ್, ಆಕ್ಚುವಲಿ?"

ನಾನು ಉಪ್ಪಿನ ಡಬ್ಬಿ ಇಲ್ಲದೆಯೇ ಆ ಹಾಲ್ ಕಟ್ಟಿದೆ. ಬೆಂಕಿ, ಬೆಂಚು, ಬಿಳಿ ಕೋಲು, ರಾಜರಾದ ಮನೆತನ. ಅವಳು ಬಾಯಿ ತೆರೆದು ಕೇಳಿದಳು. "ಸೋ ಯು ಆರ್ ರಾಯಲ್?" ಹೆಂಡತಿ ಮುಂದಿನ ಸೀಟಿನಿಂದ, "ಹೌದು, ವಿಮಾನವೂ ಇತ್ತು" ಅಂದಳು.

ಮಣ್ಣುದಾರಿಯ ತಿರುವು ಬಂದಾಗ ನನ್ನ ಬಾಯಿಂದ ತಾನೇ ಹೊರಟಿತು: "ಸ್ವಲ್ಪ ಒಳಗೆ ತಗೋ." ಹೇಳಿದ ಮೇಲೆ ಹೆದರಿಕೆಯಾಯಿತು. ಖಾಲಿ ಗೋಡೆ ನೋಡಲು ಇಷ್ಟು ದೂರ ಹೋಗಬೇಕೇ ಅನ್ನಿಸಿತು. ಆದರೆ ಗಾಡಿ ತಿರುಗಿಯಾಗಿತ್ತು.

ಗೇಟಿನಲ್ಲಿ ಸಾಲಿಂ. ಗಡ್ಡ ಇನ್ನಷ್ಟು ಬೆಳ್ಳಗೆ. ಗಾಡಿಯ ಕಿಟಕಿಗೆ ಬಗ್ಗಿ ನೋಡಿದವನು ಸಲಾಮನ್ನೂ ಹೇಳದೆ ಬೈದ: "ಎಷ್ಟು ಹೊತ್ತು ಮಾರಾಯಾ! ಕಾದು ಕಾದು ಸಾಕಾಯ್ತು!" ನನ್ನ ಕೈ ಹಿಡಿದುಕೊಂಡೇ ಹಾಲಿಗೆ ನಡೆದ. ಹಿಬಾ ಹಿಂದೆ ಓಡಿ ಬಂದಳು.

ಹಾಲಿನಲ್ಲಿ ಊಟ ಮುಗಿದು ಮೇಜು ಒರೆಸುತ್ತಿದ್ದರು. ಹೊಸ ಮುಖಗಳು. ಕಿಟಕಿಯ ಪಕ್ಕ ನೋಡಲು ಮೊದಲು ಧೈರ್ಯ ಬರಲಿಲ್ಲ. ನೋಡಿದೆ. ಮರದ ಹಲಗೆ ಇರಲಿಲ್ಲ. ಅದರ ಜಾಗದಲ್ಲಿ ಗಾಜಿನ ಬಾಗಿಲಿನ, ಹೊಳೆಯುವ ಸ್ಟೀಲಿನ ಕಪಾಟು, ತಪಾಸಣೆಯವರು ಒಪ್ಪುವಂಥದ್ದು. ಒಳಗೆ ಬಹುತೇಕ ಖಾಲಿ, ಎಲ್ಲರೂ ಬಂದು ಉಂಡಾಗಿತ್ತು. ಒಂದೇ ಒಂದು ಉಳಿದಿತ್ತು. ನೀಲಿ ಅಂಚಿನ ಬಿಳಿ ಮಗ್ಗು, ಕವುಚಿಕೊಂಡು, ಒಂದು ಚೂರು ಧೂಳಿಲ್ಲದೆ.

ಪ್ರಶಾಂತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಆಗಷ್ಟೇ ಬಡಿಸಿಕೊಂಡ ತಟ್ಟೆ.

"ದಿನಾ ತೊಳೆದು ಇಡ್ತಾರೆ ಹುಡುಗರು" ಎಂದ. "ಯಾರದ್ದು ಅಂತ ಕೇಳಿದರೆ, ಬರ್ಲಿಕ್ಕೆ ಉಂಟು ಅಂತ ಹೇಳಿದ್ದೇನೆ."

ನಾನು ಗಾಜಿನ ಬಾಗಿಲು ತೆರೆದು ನನ್ನ ಮಗ್ಗು ಇಳಿಸಿದೆ. ಸಾಲಿಂ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಉದ್ದ ಕೊಕ್ಕಿನ ಪಾತ್ರೆ ತಂದು, ಅವರ ಪದ್ಧತಿಯಂತೆ ಎಡಗೈಯಲ್ಲಿ ಎತ್ತಿ ಹೊಯ್ದ. ಅಷ್ಟು ದೊಡ್ಡ ಮಗ್ಗಿನ ತಳ ಮಾತ್ರ ಒದ್ದೆಯಾಯಿತು. ಕುಡಿದೆ. ಮತ್ತೆ ಅಷ್ಟೇ ಹೊಯ್ದು ಪಕ್ಕದಲ್ಲೇ ನಿಂತ. ಹೊರಗೆ ಅಳಿಯ ಹಾರ್ನ್ ಒತ್ತುತ್ತಿದ್ದ, ಸಲಾಲಾ ಇನ್ನೂ ಬಹಳ ದೂರವಿತ್ತು. ನಾನು ಮಗ್ಗನ್ನು ಅಲ್ಲಾಡಿಸಲಿಲ್ಲ.